ಫಂಗಸ್‌ಗೆ ಯಾವ ಔಷಧ ನಾಟುತ್ತದೆ? ಲ್ಯಾಬಿನಲ್ಲಿ ಎಂಐಸಿ ಪರೀಕ್ಷೆ ಮಾಡುವ ಬಗೆ, ಹೆಜ್ಜೆ ಹೆಜ್ಜೆಯಾಗಿ

ಬ್ಯಾಕ್ಟೀರಿಯಾದ ಸೆನ್ಸಿಟಿವಿಟಿ ಪರೀಕ್ಷೆ ಮೈಕ್ರೋಬಯಾಲಜಿ ಲ್ಯಾಬಿನವರಿಗೆ ದಿನನಿತ್ಯದ ಕೆಲಸ. ಫಂಗಸ್‌ನದು ಬಂದಾಗ ಮಾತ್ರ ಎಷ್ಟೋ ಕಡೆ 'ಕ್ಯಾಂಡಿಡಾ ಬೆಳೆದಿದೆ' ಎಂದಷ್ಟೇ ಬರೆದು ರಿಪೋರ್ಟ್ ಮುಗಿಸುತ್ತಾರೆ. ಮುಂದಿನದ್ದು ವೈದ್ಯರ ಅಂದಾಜಿಗೆ ಬಿಟ್ಟದ್ದು. ಫ್ಲುಕೊನಜೋಲ್ ಎಲ್ಲದಕ್ಕೂ ನಾಟುತ್ತಿದ್ದ ಕಾಲದಲ್ಲಿ ಇದು ಹೇಗೋ ನಡೆಯುತ್ತಿತ್ತು. ಈಗ ನಡೆಯುವುದಿಲ್ಲ. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಹೊರಡಿಸಿತು. ಅದರ ಅತಿ ಗಂಭೀರ ಗುಂಪಿನಲ್ಲಿ ನಾಲ್ಕು ಹೆಸರುಗಳಿವೆ: ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್, ಕ್ಯಾಂಡಿಡಾ ಆರಿಸ್, ಆಸ್ಪರ್‌ಜಿಲಸ್ ಫ್ಯುಮಿಗೇಟಸ್, ಕ್ಯಾಂಡಿಡಾ ಆಲ್ಬಿಕನ್ಸ್. ನಾಲ್ಕೂ ನಮ್ಮ ಆಸ್ಪತ್ರೆಗಳಲ್ಲಿ ಸಿಗುವಂಥವೇ.

ಈ ಬರಹ ಮೈಕ್ರೋಬಯಾಲಜಿ ಪಿಜಿ ವಿದ್ಯಾರ್ಥಿಗಳಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ, ಹೊಸದಾಗಿ ಈ ಪರೀಕ್ಷೆ ಶುರು ಮಾಡಬೇಕೆಂದಿರುವವರಿಗೆ. ಮುಖ್ಯವಾಗಿ ಯೀಸ್ಟ್‌ಗಳಿಗೆ ಮಾಡುವ ಬ್ರಾತ್ ಮೈಕ್ರೋಡೈಲ್ಯೂಷನ್ ವಿಧಾನವನ್ನೇ ಹಿಡಿದು ಹೇಳುತ್ತೇನೆ, ಅಂದರೆ ದ್ರವ ಮೀಡಿಯಂನಲ್ಲಿ ಔಷಧವನ್ನು ಹಂತಹಂತವಾಗಿ ತೆಳು ಮಾಡಿ, ಯಾವ ಹಂತದವರೆಗೆ ಯೀಸ್ಟ್ ಬೆಳೆಯುತ್ತದೆ ಎಂದು ನೋಡುವುದು. ಅದು ಕೈಗೆ ಬಂದರೆ ಉಳಿದದ್ದು ಸುಲಭ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಂಐಸಿ ಎಂದರೆ ಫಂಗಸ್‌ನ ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧದ ಪ್ರಮಾಣ. ಆದರೆ ಅದು ಫಂಗಸ್‌ಗೆ ಅಂಟಿಕೊಂಡಿರುವ ಸಂಖ್ಯೆಯಲ್ಲ. ಎಷ್ಟು ಜೀವಕೋಶ ಹಾಕಿದಿರಿ, ಎಷ್ಟು ಗಂಟೆಗೆ ಓದಿದಿರಿ, ಯಾವ ಮೀಡಿಯಂ ಬಳಸಿದಿರಿ, ಇವೆಲ್ಲ ಸೇರಿ ಹುಟ್ಟುವ ಸಂಖ್ಯೆ ಅದು. ಇವುಗಳಲ್ಲಿ ಒಂದು ಬದಲಾದರೂ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ಕೆಳಗಿನ ಹೆಜ್ಜೆಗಳಲ್ಲಿ 'ಇಷ್ಟೇ ತಾನೆ' ಅನ್ನಿಸುವಂಥವನ್ನೂ ಬಿಡಬೇಡಿ.

ಯಾವಾಗ ಮಾಡಬೇಕು, ಯಾವಾಗ ಬೇಡ

ಬೆಳೆದ ಪ್ರತಿ ಯೀಸ್ಟ್‌ಗೂ ಈ ಪರೀಕ್ಷೆ ಬೇಕಿಲ್ಲ. ಕಫದಲ್ಲಿ ಬಂದ ಕ್ಯಾಂಡಿಡಾ ಹೆಚ್ಚಿನ ಸಲ ಬಾಯಿ, ಗಂಟಲಲ್ಲಿ ಸುಮ್ನೆ ಇದ್ದದ್ದು. ಅದಕ್ಕೆ ಎಂಐಸಿ ಕೊಟ್ಟರೆ ವೈದ್ಯರು 'ರಿಪೋರ್ಟ್ ಬಂದಿದೆ' ಎಂದು ಔಷಧ ಶುರು ಮಾಡುವ ಅಪಾಯವಿದೆ.

ರಕ್ತ, ಮಿದುಳುಬಳ್ಳಿಯ ದ್ರವ, ಹೊಟ್ಟೆಯೊಳಗಿನ ದ್ರವದಂಥ ಶುದ್ಧ ಜಾಗದಿಂದ ಬೆಳೆದದ್ದಕ್ಕೆ ಮಾಡಲೇಬೇಕು. ಔಷಧ ಕೊಟ್ಟರೂ ಕಲ್ಚರ್ ಪಾಸಿಟಿವ್ ಬರುತ್ತಲೇ ಇದ್ದರೆ ಮಾಡಬೇಕು. ಹಿಂದೆ ತಿಂಗಳುಗಟ್ಟಲೆ ಏಜೋಲ್ (ಫ್ಲುಕೊನಜೋಲ್ ಗುಂಪಿನ ಔಷಧ) ತೆಗೆದುಕೊಂಡ ರೋಗಿಯಾದರೆ, ಮತ್ತೆ ಮತ್ತೆ ಮರುಕಳಿಸುವ ಸೋಂಕಾದರೆ, ಅಪರೂಪದ ಜಾತಿಯಾದರೆ ಮಾಡಬೇಕು.

ಮೊದಲು ಹೆಸರು ಗೊತ್ತಿರಬೇಕು

ಜಾತಿ ಗೊತ್ತಿಲ್ಲದೆ ಎಂಐಸಿಗೆ ಅರ್ಥವಿಲ್ಲ. ಫ್ಲುಕೊನಜೋಲ್ ಎಂಐಸಿ 8 (ಎಂಐಸಿ ಎಲ್ಲವೂ ಮಿಲಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ) ಬಂತು ಎಂದುಕೊಳ್ಳಿ. ಕ್ಯಾಂಡಿಡಾದಲ್ಲಿ ಆಲ್ಬಿಕನ್ಸ್ ಜಾತಿ ಆದರೆ ಅದು ರೆಸಿಸ್ಟೆಂಟ್. ಗ್ಲಾಬ್ರಾಟಾ ಆದರೆ ಡೋಸ್ ಜಾಸ್ತಿ ಕೊಟ್ಟು ನೋಡಬಹುದಾದ ಗುಂಪು. ಕ್ರುಸೈ ಆದರೆ ಫ್ಲುಕೊನಜೋಲ್ ಪರೀಕ್ಷೆಯೇ ಬೇಡ, ಅದಕ್ಕೆ ಆ ಔಷಧ ಹುಟ್ಟಿನಿಂದಲೇ ನಾಟುವುದಿಲ್ಲ. ಕ್ರಿಪ್ಟೊಕಾಕಸ್‌ಗೆ ಎಕೈನೋಕ್ಯಾಂಡಿನ್ ಗುಂಪಿನ (ಕ್ಯಾಸ್ಪೊಫಂಜಿನ್‌ನಂಥ) ಔಷಧಗಳೂ ಹಾಗೆಯೇ.

ಪ್ರೋಟೀನ್ ನೋಡಿ ಜಾತಿ ಗುರುತಿಸುವ ಮಾಲ್ಡಿ-ಟಾಫ್ ಯಂತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಜರ್ಮ್ ಟ್ಯೂಬ್, ಕ್ರೋಮ್ ಅಗಾರ್, ಕಾರ್ನ್‌ಮೀಲ್ ಅಗಾರ್ ಮೂರನ್ನೂ ಸೇರಿಸಿ ನೋಡಿ. ಕ್ರೋಮ್ ಅಗಾರ್ ಮೇಲೆ ಒಂದು ಲಾಭವಿದೆ: ಎರಡು ಜಾತಿ ಬೆರೆತಿದ್ದರೆ ಬಣ್ಣದಲ್ಲೇ ಗೊತ್ತಾಗುತ್ತದೆ. ಬೆರಕೆ ಕಲ್ಚರ್‌ನಿಂದ ಪ್ಲೇಟ್ ಹಾಕಿದರೆ ಮುಂದಿನ ಕೆಲಸವೆಲ್ಲ ದಂಡ.

ಹೆಸರುಗಳು ಇತ್ತೀಚೆಗೆ ಬದಲಾಗುತ್ತಿವೆ. ಗ್ಲಾಬ್ರಾಟಾ ಈಗ ನಾಕಸಿಯೊಮೈಸಿಸ್ ಗ್ಲಾಬ್ರೇಟಸ್, ಕ್ರುಸೈ ಈಗ ಪಿಕಿಯಾ ಕುದ್ರಿಯಾವ್‌ಜೆವಿ. ರಿಪೋರ್ಟ್‌ನಲ್ಲಿ ಹೊಸ ಹೆಸರಿನ ಜತೆ ಹಳೆಯದನ್ನೂ ಬರೆಯಿರಿ, ವಾರ್ಡಿನಲ್ಲಿ ಗೊಂದಲವಾಗದು.

ಸುರಕ್ಷತೆಯ ಮಾತು ಇಲ್ಲೇ ಹೇಳಬೇಕು. ಕ್ಯಾಂಡಿಡಾ ಕೆಲಸ ಬಿಎಸ್‌ಎಲ್-2 (ಜೈವಿಕ ಸುರಕ್ಷತೆಯ ಎರಡನೇ ಹಂತದ) ಲ್ಯಾಬಿನಲ್ಲಿ ಆಗುತ್ತದೆ. ಮೌಲ್ಡ್ ಅಂದರೆ ಬೂಷ್ಟಿನಂತೆ ಬೆಳೆಯುವ ಫಂಗಸ್‌ಗಳನ್ನು ಕ್ಲಾಸ್ 2 ಕ್ಯಾಬಿನೆಟ್ ಬಿಟ್ಟು ಬೇರೆಲ್ಲೂ ತೆರೆಯಬೇಡಿ. ಹಿಸ್ಟೊಪ್ಲಾಸ್ಮಾದಂಥ ಡೈಮಾರ್ಫಿಕ್ (ಎರಡು ರೂಪದಲ್ಲಿ ಬೆಳೆಯುವ) ಫಂಗಸ್ ಅನುಮಾನ ಬಂದರೆ ಪ್ಲೇಟ್‌ಗೆ ಟೇಪ್ ಸುತ್ತಿ, ಬಿಎಸ್‌ಎಲ್-3 ಸೌಲಭ್ಯವಿರುವ ಕೇಂದ್ರದ ಜತೆ ಮಾತಾಡಿ.

ಒಂದೇ ನಿಯಮಪುಸ್ತಕ ಹಿಡಿಯಿರಿ

ಜಗತ್ತಿನಲ್ಲಿ ಎರಡು ಪದ್ಧತಿಗಳು ಚಾಲ್ತಿಯಲ್ಲಿವೆ. ಅಮೆರಿಕದ ಸಿಎಲ್‌ಎಸ್‌ಐ ಒಂದು, ಯುರೋಪಿನ ಯೂಕಾಸ್ಟ್ ಇನ್ನೊಂದು. ಸಿಎಲ್‌ಎಸ್‌ಐನಲ್ಲಿ ಯೀಸ್ಟ್‌ಗೆ ಎಂ27, ಮೌಲ್ಡ್‌ಗೆ ಎಂ38, ಯೀಸ್ಟ್‌ನ ಡಿಸ್ಕ್ ಪರೀಕ್ಷೆಗೆ ಎಂ44. ಯೂಕಾಸ್ಟ್‌ನಲ್ಲಿ ಯೀಸ್ಟ್‌ಗೆ ಇ.ಡೆಫ್ 7, ಮೌಲ್ಡ್‌ಗೆ ಇ.ಡೆಫ್ 9.

ಇವೆರಡರಲ್ಲಿ ವ್ಯತ್ಯಾಸ ಚಿಕ್ಕದಲ್ಲ. ಸಿಎಲ್‌ಎಸ್‌ಐ ಮೀಡಿಯಂನಲ್ಲಿ ಗ್ಲುಕೋಸ್ ಶೇ 0.2, ಯೂಕಾಸ್ಟ್‌ನಲ್ಲಿ ಶೇ 2. ಸಿಎಲ್‌ಎಸ್‌ಐ ಪ್ಲೇಟ್‌ನಲ್ಲಿ ಕೊನೆಗೆ ಮಿಲಿಲೀಟರಿಗೆ 500ರಿಂದ 2,500 ಜೀವಕೋಶ, ಯೂಕಾಸ್ಟ್‌ನಲ್ಲಿ 50,000ದಿಂದ 2.5 ಲಕ್ಷ. ಸಿಎಲ್‌ಎಸ್‌ಐನದು ಯು ಆಕಾರದ ತಳದ ಪ್ಲೇಟ್, ಕಣ್ಣಲ್ಲಿ ಓದುವುದು. ಯೂಕಾಸ್ಟ್‌ನದು ಚಪ್ಪಟೆ ತಳ, ಮಷಿನ್‌ನಲ್ಲಿ ಓದುವುದು. ಒಂದರ ಪ್ರಕಾರ ಪ್ಲೇಟ್ ಹಾಕಿ ಇನ್ನೊಂದರ ಬ್ರೇಕ್‌ಪಾಯಿಂಟ್ (ಎಂಐಸಿಯನ್ನು ಸೆನ್ಸಿಟಿವ್, ರೆಸಿಸ್ಟೆಂಟ್ ಎಂದು ವಿಂಗಡಿಸುವ ಗಡಿ) ನೋಡುವುದು ತಪ್ಪು. ಯಾವುದಾದರೂ ಒಂದು ಆರಿಸಿಕೊಂಡು ಕೊನೆತನಕ ಅದನ್ನೇ ಹಿಡಿಯಿರಿ. ನಾನು ಇಲ್ಲಿ ಸಿಎಲ್‌ಎಸ್‌ಐ ದಾರಿ ಹಿಡಿಯುತ್ತೇನೆ.

ಮೀಡಿಯಂ

ಬೇಕಾದದ್ದು ಆರ್‌ಪಿಎಂಐ 1640. ಅದರಲ್ಲಿ ಗ್ಲುಟಮಿನ್ ಇರಬೇಕು, ಬೈಕಾರ್ಬೊನೇಟ್ ಇರಬಾರದು. ಖರೀದಿಸುವಾಗ ಲೇಬಲ್ ನೋಡಿ, ಟಿಶ್ಯೂ ಕಲ್ಚರ್‌ಗೆ ಮಾರುವ ಪುಡಿಯಲ್ಲಿ ಬೈಕಾರ್ಬೊನೇಟ್ ಇರಬಹುದು.

900 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 10.4 ಗ್ರಾಂ ಆರ್‌ಪಿಎಂಐ ಪುಡಿ, 34.53 ಗ್ರಾಂ ಮಾಪ್ಸ್ ಬಫರ್ ಹಾಕಿ ಕರಗಿಸಿ. ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಬಿಡುತ್ತಾ ಪಿಎಚ್ ಅನ್ನು 7.0ಕ್ಕೆ ತನ್ನಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 6.9ರಿಂದ 7.1ರ ಒಳಗೆ ಇದ್ದರೆ ಸಾಕು. ನೀರು ಸೇರಿಸಿ 1 ಲೀಟರ್ ಮಾಡಿ. ಇದನ್ನು ಆಟೊಕ್ಲೇವ್ ಮಾಡಬಾರದು, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ 4 ಡಿಗ್ರಿಯಲ್ಲಿ ಇಡಿ. ಪಿಎಚ್ ವಿಷಯದಲ್ಲಿ ಸಡಿಲ ಬಿಡಬೇಡಿ. ಮೀಡಿಯಂ ಹುಳಿಯಾದರೆ ಏಜೋಲ್‌ಗಳ ಎಂಐಸಿ ಏರುಪೇರಾಗುತ್ತದೆ.

ಔಷಧದ ಸ್ಟಾಕ್

ಮೆಡಿಕಲ್ ಶಾಪಿನ ಮಾತ್ರೆ ಅಥವಾ ಇಂಜೆಕ್ಷನ್ ಬಳಸುವಂತಿಲ್ಲ. ಅವುಗಳಲ್ಲಿ ಬೇರೆ ಪದಾರ್ಥಗಳೂ ಬೆರೆತಿರುತ್ತವೆ. ಶುದ್ಧ ಪುಡಿಯನ್ನೇ ತರಿಸಿ, ಅದರ ಜತೆ ಬರುವ ಸರ್ಟಿಫಿಕೇಟ್‌ನಲ್ಲಿ ಪೊಟೆನ್ಸಿ ಎಷ್ಟೆಂದು ನೋಡಿ. ಒಂದು ಮಿಲಿಗ್ರಾಂ ಪುಡಿಯಲ್ಲಿ ಎಷ್ಟು ಮೈಕ್ರೋಗ್ರಾಂ ನಿಜವಾದ ಔಷಧ ಇದೆ ಎಂಬುದು ಅದರಲ್ಲಿರುತ್ತದೆ.

ಲೆಕ್ಕ ಹೀಗೆ. ಫ್ಲುಕೊನಜೋಲ್ ಪುಡಿಯ ಪೊಟೆನ್ಸಿ 990 ಎಂದುಕೊಳ್ಳಿ. ನಮಗೆ ಬೇಕಾದದ್ದು ಮಿಲಿಲೀಟರಿಗೆ 1,280 ಮೈಕ್ರೋಗ್ರಾಂ ಇರುವ ಸ್ಟಾಕ್, 10 ಮಿಲಿಲೀಟರ್. 10ನ್ನು 1,280ರಿಂದ ಗುಣಿಸಿ 990ರಿಂದ ಭಾಗಿಸಿದರೆ 12.93 ಮಿಲಿಗ್ರಾಂ. ಆದರೆ ತಕ್ಕಡಿಯಲ್ಲಿ ಸರಿಯಾಗಿ 12.93 ತೂಗಲು ಒದ್ದಾಡುವುದು ಬೇಡ. ಹೆಚ್ಚುಕಡಿಮೆ ಅಷ್ಟು ತೂಗಿ, ಬಂದ ತೂಕಕ್ಕೆ ತಕ್ಕ ನೀರು ಹಾಕಿ. 13.6 ಮಿಲಿಗ್ರಾಂ ಬಂತು ಎಂದರೆ, 13.6ನ್ನು 990ರಿಂದ ಗುಣಿಸಿ 1,280ರಿಂದ ಭಾಗಿಸಿ. 10.52 ಮಿಲಿಲೀಟರ್ ಬರುತ್ತದೆ. ಅಷ್ಟು ನೀರು ಹಾಕಿದರೆ ಸರಿಹೋಯಿತು.

ಫ್ಲುಕೊನಜೋಲ್ ನೀರಿನಲ್ಲಿ ಕರಗುತ್ತದೆ. ಆ್ಯಂಫೊಟೆರಿಸಿನ್ ಬಿ, ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಾಕೊನಜೋಲ್ ಕರಗಲು ಡಿಎಂಎಸ್‌ಒ ಎಂಬ ದ್ರಾವಕ ಬೇಕು. ಡಿಎಂಎಸ್‌ಒ ಹೆಚ್ಚಾದರೆ ಅದೇ ಫಂಗಸ್‌ಗೆ ತೊಂದರೆ ಕೊಡುತ್ತದೆ, ಆದ್ದರಿಂದ ಪ್ಲೇಟ್‌ನಲ್ಲಿ ಕೊನೆಗೆ ಅದು ಶೇ 1ಕ್ಕಿಂತ ಹೆಚ್ಚಿರಬಾರದು. ಇದಕ್ಕೆ ದಾರಿ ಎಂದರೆ ಬೇಕಾದ ಪ್ರಮಾಣದ 100 ಪಟ್ಟು ಸ್ಟಾಕ್ ಮಾಡುವುದು. ವೊರಿಕೊನಜೋಲ್ ಪ್ಲೇಟ್‌ನಲ್ಲಿ 16 ಬೇಕೆಂದರೆ ಡಿಎಂಎಸ್‌ಒದಲ್ಲಿ 1,600ರ ದ್ರಾವಣ ಮಾಡಿ. ಅದರ ಕೆಳಗಿನ ಹಂತಗಳನ್ನೂ ಡಿಎಂಎಸ್‌ಒದಲ್ಲೇ ತಯಾರಿಸಿ. ಆಮೇಲೆ ಪ್ರತಿಯೊಂದನ್ನೂ ಆರ್‌ಪಿಎಂಐನಲ್ಲಿ 50 ಪಟ್ಟು ತೆಳು ಮಾಡಿ. ಆಗ 32 ಆಗುತ್ತದೆ. ಪ್ಲೇಟ್‌ನಲ್ಲಿ ಯೀಸ್ಟ್ ದ್ರಾವಣ ಸಮ ಪ್ರಮಾಣದಲ್ಲಿ ಸೇರಿದಾಗ 16ಕ್ಕೆ ಇಳಿಯುತ್ತದೆ.

ಆ್ಯಂಫೊಟೆರಿಸಿನ್ ಬೆಳಕಿಗೆ ಹಾಳಾಗುತ್ತದೆ. ಟ್ಯೂಬ್‌ಗೆ ಫಾಯಿಲ್ ಸುತ್ತಿ. ಸ್ಟಾಕ್‌ಗಳನ್ನು ಚಿಕ್ಕ ಚಿಕ್ಕ ವಯಲ್‌ಗಳಲ್ಲಿ ಹಂಚಿ ಮೈನಸ್ 60 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇಟ್ಟರೆ ಆರು ತಿಂಗಳು ಬಾಳುತ್ತವೆ. ಹೊರಗೆ ತೆಗೆದದ್ದನ್ನು ಆ ದಿನವೇ ಬಳಸಿ, ಉಳಿದದ್ದನ್ನು ಎಸೆಯಿರಿ. ಮತ್ತೆ ಫ್ರೀಜರ್‌ಗೆ ಇಡಬೇಡಿ.

ಪ್ಲೇಟ್ ಹಾಕುವುದು

96 ವೆಲ್‌ಗಳ (ಪುಟ್ಟ ಗುಳಿಗಳ), ಯು ಆಕಾರದ ತಳದ ಸ್ಟೆರೈಲ್ ಪ್ಲೇಟ್ ತೆಗೆದುಕೊಳ್ಳಿ. ಎಯಿಂದ ಎಚ್‌ವರೆಗೆ ಎಂಟು ಅಡ್ಡಸಾಲು. ಒಂದೊಂದು ಸಾಲಿಗೆ ಒಂದೊಂದು ಔಷಧ. 1ರಿಂದ 10ರ ಕಾಲಂಗಳಲ್ಲಿ ಔಷಧ ಇಳಿಯುತ್ತಾ ಹೋಗುತ್ತದೆ. 11ನೆಯದು ಬೆಳವಣಿಗೆಯ ಕಂಟ್ರೋಲ್. 12ನೆಯದು ಸ್ಟೆರಿಲಿಟಿ ಕಂಟ್ರೋಲ್.

ಫ್ಲುಕೊನಜೋಲ್ ಸಾಲನ್ನು ಪ್ಲೇಟ್‌ನಲ್ಲೇ ಇಳಿಸಬಹುದು. 1,280ರ ಸ್ಟಾಕನ್ನು ಆರ್‌ಪಿಎಂಐನಲ್ಲಿ 10 ಪಟ್ಟು ತೆಳು ಮಾಡಿದರೆ 128. ಅದನ್ನು ಮೊದಲ ವೆಲ್‌ಗೆ 200 ಮೈಕ್ರೋಲೀಟರ್ ಹಾಕಿ. 2ರಿಂದ 10ರವರೆಗೆ 100 ಮೈಕ್ರೋಲೀಟರ್ ಬರೀ ಆರ್‌ಪಿಎಂಐ ಹಾಕಿ. ಮೊದಲ ವೆಲ್‌ನಿಂದ 100 ತೆಗೆದು ಎರಡನೆಯದಕ್ಕೆ, ಚೆನ್ನಾಗಿ ಕಲಸಿ ಅಲ್ಲಿಂದ 100 ಮೂರನೆಯದಕ್ಕೆ, ಹೀಗೆ ಹತ್ತರವರೆಗೆ. ಹತ್ತರಿಂದ ತೆಗೆದ 100 ಎಸೆಯಿರಿ. ಈಗ 128ರಿಂದ 0.25ರವರೆಗೆ ಸಾಲು ಸಿದ್ಧ. ಯೀಸ್ಟ್ ಹಾಕಿದ ಮೇಲೆ ಇವು 64ರಿಂದ 0.125 ಆಗುತ್ತವೆ. ಪ್ರತಿ ಹಂತಕ್ಕೂ ಟಿಪ್ ಬದಲಿಸಿ. ಟಿಪ್ಪಿನ ಗೋಡೆಗೆ ಅಂಟಿದ ಔಷಧ ಮುಂದಿನ ವೆಲ್‌ಗಳಿಗೆ ಹೋಗಿ ಲೆಕ್ಕ ಕೆಡಿಸುತ್ತದೆ.

ಡಿಎಂಎಸ್‌ಒ ಔಷಧಗಳನ್ನು ಮಾತ್ರ ಹೀಗೆ ಪ್ಲೇಟ್‌ನಲ್ಲಿ ಇಳಿಸಬೇಡಿ. ಮೊದಲೇ ಟ್ಯೂಬ್‌ಗಳಲ್ಲಿ ಮಾಡಿಟ್ಟದ್ದನ್ನು 100 ಮೈಕ್ರೋಲೀಟರ್‌ನಂತೆ ಹಾಕಿ. ಆ ಸಾಲುಗಳ ಬೆಳವಣಿಗೆಯ ಕಂಟ್ರೋಲ್‌ನಲ್ಲೂ ಅಷ್ಟೇ ಡಿಎಂಎಸ್‌ಒ ಇರಲಿ.

ಇನಾಕ್ಯುಲಂ: ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆ

ಇನಾಕ್ಯುಲಂ ಎಂದರೆ ಪ್ಲೇಟ್‌ಗೆ ಹಾಕಲು ಅಳೆದು ತಯಾರಿಸಿದ ಯೀಸ್ಟ್ ದ್ರಾವಣ. ಒಬ್ಬ ಹೊಸಬರಿಗೆ ಈ ಪರೀಕ್ಷೆ ಕಲಿಸಬೇಕಾದರೆ ಅರ್ಧ ಸಮಯ ಇಲ್ಲೇ ಕಳೆಯಬೇಕು. ಜೀವಕೋಶ ಜಾಸ್ತಿಯಾದರೆ ಎಂಐಸಿ ಮೇಲಕ್ಕೆ ಹೋಗುತ್ತದೆ, ಕಡಿಮೆಯಾದರೆ ಕೆಳಕ್ಕೆ ಬರುತ್ತದೆ. ರೆಸಿಸ್ಟೆಂಟ್ ಫಂಗಸ್ ಸೆನ್ಸಿಟಿವ್ ಆಗಿ ಕಾಣಿಸಲು ಇಷ್ಟು ಸಾಕು.

1. ಸಬರಾಡ್ ಅಗಾರ್ ಮೇಲೆ ಹೊಸದಾಗಿ ಸಬ್‌ಕಲ್ಚರ್ ಮಾಡಿ 35 ಡಿಗ್ರಿಯಲ್ಲಿ ಇಡಿ. ಕ್ಯಾಂಡಿಡಾಗೆ 24 ಗಂಟೆ, ಕ್ರಿಪ್ಟೊಕಾಕಸ್‌ಗೆ 48 ಗಂಟೆ. ಫ್ರಿಜ್‌ನಿಂದ ತೆಗೆದ ಹಳೆಯ ಪ್ಲೇಟ್‌ನಿಂದ ನೇರವಾಗಿ ತೆಗೆದುಕೊಳ್ಳಬೇಡಿ.

2. ಒಂದು ಮಿಲಿಮೀಟರಿಗಿಂತ ದೊಡ್ಡದಾದ ಐದು ಕಾಲನಿಗಳಿಂದ ಸ್ವಲ್ಪ ಸ್ವಲ್ಪ ತೆಗೆದು 5 ಮಿಲಿಲೀಟರ್ ಶೇ 0.85ರ ಸ್ಟೆರೈಲ್ ಸಲೈನ್‌ಗೆ ಹಾಕಿ. ಒಂದೇ ಕಾಲನಿ ಸಾಲದು. ಒಂದು ಸೋಂಕಿನಲ್ಲೇ ರೆಸಿಸ್ಟೆಂಟ್ ಆದ ಕೆಲವು, ಆಗದ ಕೆಲವು ಒಟ್ಟಿಗೆ ಇರಬಹುದು.

3. ವೋರ್ಟೆಕ್ಸ್‌ನಲ್ಲಿ 15 ಸೆಕೆಂಡ್ ತಿರುಗಿಸಿ. ಬೆಳಕಿಗೆ ಹಿಡಿದು ನೋಡಿ. ಗಂಟುಗಂಟಾಗಿದ್ದರೆ ಮತ್ತೆ ತಿರುಗಿಸಿ. ಆರಿಸ್‌ನ ಕೆಲವು ತಳಿಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುತ್ತವೆ, ಅವಕ್ಕೆ ತಾಳ್ಮೆ ಬೇಕು.

4. ದ್ರಾವಣದ ಮಬ್ಬನ್ನು 530 ನ್ಯಾನೊಮೀಟರ್‌ನಲ್ಲಿ 0.5 ಮ್ಯಾಕ್‌ಫರ್ಲೆಂಡ್‌ಗೆ (ಮಬ್ಬಿನ ಅಳತೆ) ಹೊಂದಿಸಿ. ಆಗ ಮಿಲಿಲೀಟರಿಗೆ 10 ಲಕ್ಷದಿಂದ 50 ಲಕ್ಷ ಜೀವಕೋಶ ಇರುತ್ತವೆ. ಕಣ್ಣಂದಾಜು ಬೇಡ. ಬ್ಯಾಕ್ಟೀರಿಯಾಗೆ ಕಣ್ಣಲ್ಲಿ ಹೊಂದಿಸಿ ಅಭ್ಯಾಸ ಇರುವವರೂ ಇಲ್ಲಿ ಮಷಿನ್ ಬಳಸಿ.

5. ಇದರಲ್ಲಿ 100 ಮೈಕ್ರೋಲೀಟರ್ ತೆಗೆದು 4.9 ಮಿಲಿಲೀಟರ್ ಆರ್‌ಪಿಎಂಐಗೆ ಹಾಕಿ. ಇದು 50 ಪಟ್ಟು. ಅದರಿಂದ 500 ಮೈಕ್ರೋಲೀಟರ್ ತೆಗೆದು 9.5 ಮಿಲಿಲೀಟರ್ ಆರ್‌ಪಿಎಂಐಗೆ ಹಾಕಿ. ಇದು 20 ಪಟ್ಟು. ಒಟ್ಟು ಸಾವಿರ ಪಟ್ಟು ತೆಳುವಾಯಿತು. ಈಗ ಮಿಲಿಲೀಟರಿಗೆ 1,000ದಿಂದ 5,000. ಈ 10 ಮಿಲಿಲೀಟರ್ ಒಂದು ಪ್ಲೇಟ್‌ಗೆ ಸರಿಯಾಗಿ ಸಾಕಾಗುತ್ತದೆ.

6. 1ರಿಂದ 10ರ ವೆಲ್‌ಗಳಿಗೆ 100 ಮೈಕ್ರೋಲೀಟರ್‌ನಂತೆ ಹಾಕಿ. 11ರಲ್ಲಿ ಔಷಧವಿಲ್ಲದ ಮೀಡಿಯಂ 100, ಯೀಸ್ಟ್ 100. 12ರಲ್ಲಿ ಬರೀ ಮೀಡಿಯಂ 200.

7. ಉಳಿದ ದ್ರಾವಣದಲ್ಲಿ 10 ಮೈಕ್ರೋಲೀಟರ್ ತೆಗೆದು ಸಬರಾಡ್ ಪ್ಲೇಟ್ ಮೇಲೆ ಹರಡಿ. ಮರುದಿನ 10ರಿಂದ 50 ಕಾಲನಿ ಇರಬೇಕು. 200 ಬಂದಿದ್ದರೆ, ಅಥವಾ ಎರಡೇ ಎರಡು ಬಂದಿದ್ದರೆ, ಎಂಐಸಿ ಎಷ್ಟೇ ಚೆನ್ನಾಗಿ ಕಂಡರೂ ರಿಪೋರ್ಟ್ ಮಾಡಬೇಡಿ. ಇದೇ ಪ್ಲೇಟ್ ಬೆರಕೆ ಇದೆಯೇ ಎಂದೂ ತೋರಿಸಿಕೊಡುತ್ತದೆ.

ಈ ಏಳನೆಯ ಹೆಜ್ಜೆಯನ್ನು ಬಿಡುವ ಲ್ಯಾಬುಗಳೇ ಜಾಸ್ತಿ ಇರಬಹುದು. ಖರ್ಚು ಒಂದು ಪ್ಲೇಟ್, ಸಮಯ ಒಂದು ನಿಮಿಷ. ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಬೆಲೆಗೆ ಇಷ್ಟು ಭರವಸೆ ಕೊಡುವ ಕೆಲಸ ಬೇರೆ ಇಲ್ಲ.

ಪ್ಲೇಟ್‌ಗೆ ಮುಚ್ಚಳ ಹಾಕಿ, ಒದ್ದೆ ಹತ್ತಿ ಇಟ್ಟ ಡಬ್ಬಿಯೊಳಗೆ 35 ಡಿಗ್ರಿಯಲ್ಲಿ ಇಡಿ. ನಾಲ್ಕಕ್ಕಿಂತ ಹೆಚ್ಚು ಪ್ಲೇಟ್ ಪೇರಿಸಬೇಡಿ, ನಡುವಿನವು ಬಿಸಿಯಾಗಲು ತಡವಾಗುತ್ತದೆ. ಕರೆಂಟ್ ಹೋಗುವ ಊರಾದರೆ ಇನ್‌ಕ್ಯುಬೇಟರ್ ಯುಪಿಎಸ್ ಮೇಲೆ ಇರಲಿ.

ಓದುವುದು

ಕ್ಯಾಂಡಿಡಾವನ್ನು 24 ಗಂಟೆಗೆ, ಕ್ರಿಪ್ಟೊಕಾಕಸ್ ಅನ್ನು 72 ಗಂಟೆಗೆ ಓದಿ. ಮೊದಲು 11 ಮತ್ತು 12ನೆಯ ಕಾಲಂ ನೋಡಿ. 11ರಲ್ಲಿ ಚೆನ್ನಾಗಿ ಬೆಳೆದಿರಬೇಕು. 12 ತಿಳಿಯಾಗಿರಬೇಕು. ಎರಡೂ ಸರಿ ಇದ್ದರೆ ಮಾತ್ರ ಮುಂದಕ್ಕೆ.

ಕೆಳಗೆ ಕನ್ನಡಿ ಇರುವ ಓದುವ ಸ್ಟ್ಯಾಂಡ್ ಮೇಲೆ ಪ್ಲೇಟ್ ಇಡಿ. ಬೆಳೆದ ವೆಲ್‌ನ ತಳದಲ್ಲಿ ಸಾಸಿವೆ ಕಾಳಿನಂತೆ ಬಿಳಿಯ ಗುಂಡಿ ಕಾಣುತ್ತದೆ. ಔಷಧ ಹೆಚ್ಚಾದ ಕಡೆಗೆ ಹೋದಂತೆ ಅದು ಚಿಕ್ಕದಾಗುತ್ತದೆ. ಎಲ್ಲಿ ನಿಲ್ಲಬೇಕು ಎಂಬುದು ಔಷಧದ ಮೇಲೆ ಹೋಗುತ್ತದೆ.

ಆ್ಯಂಫೊಟೆರಿಸಿನ್‌ಗೆ ಏನೂ ಬೆಳೆಯದ ಮೊದಲ ವೆಲ್ಲೇ ಎಂಐಸಿ. ಚಿಕ್ಕ ಚುಕ್ಕೆಯೂ ಇರಬಾರದು. ಏಜೋಲ್ ಮತ್ತು ಎಕೈನೋಕ್ಯಾಂಡಿನ್‌ಗಳಿಗೆ ಹಾಗಲ್ಲ. ಕಂಟ್ರೋಲ್‌ಗೆ ಹೋಲಿಸಿದರೆ ಬೆಳವಣಿಗೆ ಸುಮಾರು ಅರ್ಧಕ್ಕೆ ಇಳಿದ ಮೊದಲ ವೆಲ್ ಅನ್ನು ಎಂಐಸಿ ಎನ್ನಬೇಕು.

ಈ 'ಅರ್ಧ' ಎಂಬುದೇ ಹೊಸಬರನ್ನು ಕಾಡುವುದು. ಅದರಲ್ಲೂ ಆಲ್ಬಿಕನ್ಸ್ ಮತ್ತು ಟ್ರಾಪಿಕಾಲಿಸ್‌ನ ಕೆಲವು ತಳಿಗಳಲ್ಲಿ ಫ್ಲುಕೊನಜೋಲ್ ಸಾಲಿನುದ್ದಕ್ಕೂ ತೆಳುವಾದ ಮಬ್ಬು ಉಳಿದುಬಿಡುತ್ತದೆ. ಇದನ್ನು ಟ್ರೇಲಿಂಗ್ ಎನ್ನುತ್ತಾರೆ. ಫ್ಲುಕೊನಜೋಲ್ ಯೀಸ್ಟನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ತಡೆಯುತ್ತದೆ ಅಷ್ಟೆ. ಹಾಗಾಗಿ ನಿಧಾನವಾಗಿ ಒಂದಿಷ್ಟು ಬೆಳೆಯುತ್ತದೆ. 48 ಗಂಟೆಗೆ ಬಿಟ್ಟರೆ ಆ ಮಬ್ಬು ದಟ್ಟವಾಗಿ 64ರವರೆಗೂ ಬೆಳೆದಂತೆ ಕಾಣುತ್ತದೆ. ನಿಜಕ್ಕೂ ಸೆನ್ಸಿಟಿವ್ ಆದದ್ದನ್ನು ರೆಸಿಸ್ಟೆಂಟ್ ಎಂದು ಬರೆದುಬಿಡುತ್ತೀರಿ. ಶನಿವಾರ ಹಾಕಿದ ಪ್ಲೇಟನ್ನು ಸೋಮವಾರ ಓದುವ ಪದ್ಧತಿ ಇದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಟ್ರೇಲಿಂಗ್ ಅನುಮಾನ ಬಂದರೆ ಪ್ಲೇಟನ್ನು ಮೆಲ್ಲಗೆ ಅಲ್ಲಾಡಿಸಿ ಗುಂಡಿಗಳನ್ನು ಕದಡಿ, ಆಮೇಲೆ ಮಬ್ಬನ್ನು ಹೋಲಿಸಿ. ಕಂಟ್ರೋಲ್ ವೆಲ್‌ನ ದ್ರಾವಣವನ್ನು ಅಷ್ಟೇ ಪ್ರಮಾಣದ ಮೀಡಿಯಂನಲ್ಲಿ ತೆಳು ಮಾಡಿ ಪಕ್ಕದಲ್ಲಿ ಇಟ್ಟುಕೊಂಡರೆ 'ಅರ್ಧ' ಎಂದರೆ ಎಷ್ಟೆಂದು ಕಣ್ಣಿಗೇ ಗೊತ್ತಾಗುತ್ತದೆ. ಶುರುವಿನಲ್ಲಿ ಇಬ್ಬರು ಬೇರೆಬೇರೆಯಾಗಿ ಓದಿ ಬರೆದಿಟ್ಟು, ಕೊನೆಗೆ ಹೋಲಿಸಿ ನೋಡಿ. ಒಂದು ವೆಲ್ ಆಚೀಚೆ ಬರುವುದು ಸಹಜ. ಎರಡಕ್ಕಿಂತ ಹೆಚ್ಚು ಬಂದರೆ ಒಟ್ಟಿಗೆ ಕೂತು ಮತ್ತೆ ಓದಿ.

ನಡುವೆ ಒಂದು ವೆಲ್ ಮಾತ್ರ ಖಾಲಿ ಇದ್ದು ಅದರ ಆಚೆಗೆ ಮತ್ತೆ ಬೆಳೆದಿದ್ದರೆ ಯೀಸ್ಟ್ ಹಾಕುವಾಗ ಬಿಟ್ಟುಹೋಗಿರಬಹುದು, ಅಥವಾ ಹೊರಗಿನದು ಸೇರಿರಬಹುದು. ಆ ಸಾಲನ್ನು ಮತ್ತೆ ಹಾಕಿ.

ಕ್ವಾಲಿಟಿ ಕಂಟ್ರೋಲ್

ಎರಡು ತಳಿಗಳು ನಿಮ್ಮ ಫ್ರೀಜರ್‌ನಲ್ಲಿ ಇರಲೇಬೇಕು: ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019, ಕ್ಯಾಂಡಿಡಾ ಕ್ರುಸೈ ಎಟಿಸಿಸಿ 6258. 24 ಗಂಟೆಗೆ ಫ್ಲುಕೊನಜೋಲ್ ಎಂಐಸಿ ಮೊದಲನೆಯದಕ್ಕೆ 0.5ರಿಂದ 4ರೊಳಗೆ, ಎರಡನೆಯದಕ್ಕೆ 8ರಿಂದ 64ರೊಳಗೆ ಬರಬೇಕು. ಬರದಿದ್ದರೆ ಆ ದಿನದ ರೋಗಿಗಳ ಫಲಿತಾಂಶ ಕೊಡುವಂತಿಲ್ಲ. ಎರಡೂ ತಳಿಗಳಲ್ಲಿ ಒಂದೇ ದಿಕ್ಕಿಗೆ ಸರಿದಿದ್ದರೆ ಔಷಧದ ಸ್ಟಾಕ್ ಅಥವಾ ಮೀಡಿಯಂ ಮೇಲೆ ಅನುಮಾನ ಪಡಿ. ಒಂದೇ ತಳಿ ಕೆಟ್ಟಿದ್ದರೆ ಆ ತಳಿಯ ಇನಾಕ್ಯುಲಂ ನೋಡಿ.

ಸಂಖ್ಯೆಗೆ ಅರ್ಥ ಕೊಡುವುದು

ಸಿಎಲ್‌ಎಸ್‌ಐ ಪ್ರಕಾರ ಆಲ್ಬಿಕನ್ಸ್, ಟ್ರಾಪಿಕಾಲಿಸ್, ಪ್ಯಾರಾಪ್ಸಿಲೋಸಿಸ್‌ಗಳಿಗೆ ಫ್ಲುಕೊನಜೋಲ್ ಎಂಐಸಿ 2 ಅಥವಾ ಕಡಿಮೆ ಇದ್ದರೆ ಸೆನ್ಸಿಟಿವ್. 4 ಇದ್ದರೆ ಡೋಸ್‌ಗೆ ಅನುಗುಣವಾಗಿ ಸೆನ್ಸಿಟಿವ್. 8 ಅಥವಾ ಹೆಚ್ಚಾದರೆ ರೆಸಿಸ್ಟೆಂಟ್. ಗ್ಲಾಬ್ರಾಟಾಗೆ 'ಸೆನ್ಸಿಟಿವ್' ಎಂಬ ವರ್ಗವೇ ಇಲ್ಲ. 32ರವರೆಗೆ ಡೋಸ್‌ಗೆ ಅನುಗುಣ, 64ರಿಂದ ರೆಸಿಸ್ಟೆಂಟ್. ಎಂಐಸಿ 1 ಬಂತೆಂದು ಗ್ಲಾಬ್ರಾಟಾಗೆ 'ಎಸ್' ಎಂದು ಬರೆದರೆ ವೈದ್ಯರು ಮಾಮೂಲಿ ಡೋಸ್ ಕೊಡುತ್ತಾರೆ. ಅಲ್ಲಿ ಪೆಟ್ಟು ತಿನ್ನುವುದು ರೋಗಿ.

ಕ್ಯಾಸ್ಪೊಫಂಜಿನ್‌ಗೆ ಆಲ್ಬಿಕನ್ಸ್‌ನಲ್ಲಿ 0.25ರವರೆಗೆ ಸೆನ್ಸಿಟಿವ್, 1ರಿಂದ ರೆಸಿಸ್ಟೆಂಟ್. ಗ್ಲಾಬ್ರಾಟಾದಲ್ಲಿ ಈ ಗಡಿ ಇನ್ನೂ ಕೆಳಗಿದೆ: 0.12 ಮತ್ತು 0.5. ಈ ಔಷಧದ ಎಂಐಸಿ ಲ್ಯಾಬಿನಿಂದ ಲ್ಯಾಬಿಗೆ ಬಹಳ ಬದಲಾಗುತ್ತದೆ, ಅದಕ್ಕಾಗಿಯೇ ಯೂಕಾಸ್ಟ್ ಇದಕ್ಕೆ ಬ್ರೇಕ್‌ಪಾಯಿಂಟ್ ಕೊಡಲಿಲ್ಲ. ಸಾಧ್ಯವಾದರೆ ಮೈಕಾಫಂಜಿನ್ ಅಥವಾ ಅನಿಡ್ಯುಲಾಫಂಜಿನ್ ಪರೀಕ್ಷಿಸಿ.

ಎಷ್ಟೋ ಜಾತಿಗಳಿಗೆ ಬ್ರೇಕ್‌ಪಾಯಿಂಟ್ ಇಲ್ಲ. ಆಗ ಇಸಿವಿ ಎಂಬ ಮೌಲ್ಯ ನೋಡಬೇಕು. ಆ ಜಾತಿಯ ಸಹಜ ತಳಿಗಳ ಎಂಐಸಿ ಎಲ್ಲಿಯವರೆಗೆ ಇರುತ್ತದೆ ಎಂಬುದನ್ನು ಅದು ಹೇಳುತ್ತದೆ. ಅದಕ್ಕಿಂತ ಮೇಲಿದ್ದರೆ ನಿರೋಧಕತೆ ಬಂದಿರುವ ಅನುಮಾನ. ಇಸಿವಿ ಆಧಾರದಲ್ಲಿ 'ಎಸ್' ಅಥವಾ 'ಆರ್' ಎಂದು ಬರೆಯಬಾರದು.

ಸೆನ್ಸಿಟಿವ್ ಎಂದ ಮಾತ್ರಕ್ಕೆ ರೋಗಿ ಗುಣವಾಗುತ್ತಾರೆ ಎಂದಲ್ಲ. ಈ ಕ್ಷೇತ್ರದಲ್ಲಿ '90-60 ನಿಯಮ' ಎಂಬ ಮಾತಿದೆ. ಸೆನ್ಸಿಟಿವ್ ಇದ್ದರೆ ನೂರಕ್ಕೆ ಸುಮಾರು 90 ಮಂದಿಗೆ ಔಷಧ ನಾಟುತ್ತದೆ, ರೆಸಿಸ್ಟೆಂಟ್ ಇದ್ದರೂ ಸುಮಾರು 60 ಮಂದಿ ಸುಧಾರಿಸುತ್ತಾರೆ. ಸೆಂಟ್ರಲ್ ಲೈನ್ ತೆಗೆದರೇ, ಬಿಳಿರಕ್ತಕಣ ಎಷ್ಟಿದೆ, ಕೀವು ತೆಗೆದಿದ್ದಾರೆಯೇ, ಇವೆಲ್ಲ ಎಂಐಸಿಯಷ್ಟೇ ಮುಖ್ಯ.

ಆರಿಸ್ ಬಂದರೆ

ಈ ಯೀಸ್ಟನ್ನು ಮೊದಲು ಗುರುತಿಸಿದ್ದು 2009ರಲ್ಲಿ ಜಪಾನಿನಲ್ಲಿ, ರೋಗಿಯೊಬ್ಬರ ಕಿವಿಯ ಸ್ರಾವದಿಂದ. 2013ರ ಹೊತ್ತಿಗೆ ಭಾರತದಿಂದಲೂ ವರದಿಯಾಯಿತು. ಇದರಲ್ಲಿ ಬಹುಪಾಲು ಫ್ಲುಕೊನಜೋಲ್‌ಗೆ ಬಗ್ಗುವುದಿಲ್ಲ, ಕೆಲವು ಆ್ಯಂಫೊಟೆರಿಸಿನ್‌ಗೂ ಬಗ್ಗುವುದಿಲ್ಲ. ಹಳೆಯ ಆಟೊಮೇಟೆಡ್ ಮಷಿನ್‌ಗಳು ಇದನ್ನು ಕ್ಯಾಂಡಿಡಾ ಹಿಮ್ಯುಲೊನೈ ಎಂದು ತಪ್ಪಾಗಿ ತೋರಿಸುತ್ತವೆ. ಹಾಗೆ ಬಂದರೆ ಮಾಲ್ಡಿ-ಟಾಫ್ ಅಥವಾ ಸೀಕ್ವೆನ್ಸಿಂಗ್‌ಗೆ ಕಳಿಸಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತಾತ್ಕಾಲಿಕ ಗಡಿಗಳನ್ನು ಕೊಟ್ಟಿದೆ: ಫ್ಲುಕೊನಜೋಲ್ 32 ಅಥವಾ ಹೆಚ್ಚು, ಆ್ಯಂಫೊಟೆರಿಸಿನ್ 2 ಅಥವಾ ಹೆಚ್ಚು ಇದ್ದರೆ ರೆಸಿಸ್ಟೆಂಟ್ ಎಂದು ನೋಡಬೇಕು. ಮಷಿನ್‌ನಲ್ಲಿ ಆ್ಯಂಫೊಟೆರಿಸಿನ್ ರೆಸಿಸ್ಟೆಂಟ್ ಎಂದು ಬಂದರೆ ಬ್ರಾತ್ ಮೈಕ್ರೋಡೈಲ್ಯೂಷನ್ ಮಾಡಿ ಖಚಿತಪಡಿಸಿಕೊಳ್ಳಿ. ವೈಟೆಕ್ 2 ಎಂಬ ಆಟೊಮೇಟೆಡ್ ಮಷಿನ್ ಆರಿಸ್‌ಗೆ ಈ ಔಷಧದ ಎಂಐಸಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ರಿಪೋರ್ಟ್ ಟೈಪ್ ಆಗುವವರೆಗೆ ಕಾಯದೆ ವಾರ್ಡಿಗೆ, ಇನ್ಫೆಕ್ಷನ್ ಕಂಟ್ರೋಲ್ ತಂಡಕ್ಕೆ ಫೋನ್ ಮಾಡಿ. ಇದು ಹಾಸಿಗೆ, ರೇಲಿಂಗ್, ಬಿಪಿ ಪಟ್ಟಿಗಳ ಮೇಲೆ ಉಳಿದು ಮುಂದಿನ ರೋಗಿಗೆ ಹರಡುತ್ತದೆ.

ಮೌಲ್ಡ್‌ಗಳು

ಇಲ್ಲಿ ಕಾಲನಿ ಬದಲು ಬೀಜಕಣಗಳು ಬೇಕು. ಪೊಟ್ಯಾಟೊ ಡೆಕ್ಸ್‌ಟ್ರೋಸ್ ಅಗಾರ್ ಮೇಲೆ 35 ಡಿಗ್ರಿಯಲ್ಲಿ 7 ದಿನ ಬೆಳೆಸಿ. ಒಂದು ಮಿಲಿಲೀಟರ್ ಸಲೈನ್‌ಗೆ ಒಂದು ಹನಿ ಟ್ವೀನ್ 20 ಸೇರಿಸಿ ಮೇಲೆ ಸುರಿದು, ಪಿಪೆಟ್ ತುದಿಯಿಂದ ಮೆಲ್ಲಗೆ ಸವರಿ. ಟ್ವೀನ್ ಇಲ್ಲದಿದ್ದರೆ ಆಸ್ಪರ್‌ಜಿಲಸ್ ಕಣಗಳು ಒದ್ದೆಯಾಗದೆ ತೇಲುತ್ತವೆ. ಟ್ಯೂಬ್‌ಗೆ ಹಾಕಿ 3ರಿಂದ 5 ನಿಮಿಷ ಬಿಡಿ, ಭಾರದ ತುಣುಕುಗಳು ತಳಕ್ಕೆ ಇಳಿಯುತ್ತವೆ. ಮೇಲಿನದನ್ನು ಬೇರೆ ಟ್ಯೂಬ್‌ಗೆ ತೆಗೆದು, ಆಸ್ಪರ್‌ಜಿಲಸ್‌ಗೆ 530 ನ್ಯಾನೊಮೀಟರ್‌ನಲ್ಲಿ ಆಪ್ಟಿಕಲ್ ಡೆನ್ಸಿಟಿಯನ್ನು (ದ್ರಾವಣ ಎಷ್ಟು ಬೆಳಕು ತಡೆಯುತ್ತದೆ ಎಂಬ ಅಳತೆ) 0.09ರಿಂದ 0.13ಕ್ಕೆ, ಫ್ಯುಸೇರಿಯಂ ಮತ್ತು ಮ್ಯೂಕರ್ ಗುಂಪಿಗೆ 0.15ರಿಂದ 0.17ಕ್ಕೆ ಹೊಂದಿಸಿ. ಆರ್‌ಪಿಎಂಐನಲ್ಲಿ 50 ಪಟ್ಟು ತೆಳು ಮಾಡಿ ಪ್ಲೇಟ್‌ಗೆ ಹಾಕಿ.

ಮ್ಯೂಕರ್ ಗುಂಪನ್ನು 24 ಗಂಟೆಗೆ, ಆಸ್ಪರ್‌ಜಿಲಸ್ ಅನ್ನು 48ಕ್ಕೆ, ಸಿಡೋಸ್ಪೋರಿಯಂ ಅನ್ನು 72ಕ್ಕೆ ಓದಿ. ವೊರಿಕೊನಜೋಲ್, ಇಟ್ರಾಕೊನಜೋಲ್‌ಗಳಿಗೂ ಇಲ್ಲಿ ಪೂರ್ತಿ ತಡೆಯೇ ಎಂಐಸಿ, ಯೀಸ್ಟ್‌ನಂತೆ ಅರ್ಧ ಅಲ್ಲ. ಎಕೈನೋಕ್ಯಾಂಡಿನ್‌ಗಳಲ್ಲಿ ಎಂಇಸಿ ಓದಬೇಕು: ಉದ್ದುದ್ದ ಎಳೆಗಳು ಹೋಗಿ ಗಿಡ್ಡವಾದ, ದುಂಡಗಿನ ಮುದ್ದೆಗಳಾದ ಮೊದಲ ವೆಲ್.

2021ರಲ್ಲಿ ಕೋವಿಡ್ ಬೆನ್ನಿಗೇ ಬ್ಲ್ಯಾಕ್ ಫಂಗಸ್ ಬಂದಾಗ ಆ್ಯಂಫೊಟೆರಿಸಿನ್‌ಗಾಗಿ ಜನ ಊರೂರು ಅಲೆದದ್ದು ನಮಗೆಲ್ಲ ನೆನಪಿದೆ. ಮ್ಯೂಕರ್ ಗುಂಪಿಗೆ ಬ್ರೇಕ್‌ಪಾಯಿಂಟ್ ಇಲ್ಲ, ವೊರಿಕೊನಜೋಲ್ ಅದಕ್ಕೆ ನಾಟುವುದಿಲ್ಲ. ಎಂಐಸಿಗಾಗಿ ಕಾಯುತ್ತಾ ಆ್ಯಂಫೊಟೆರಿಸಿನ್ ತಡಮಾಡುವ ಹಾಗಿಲ್ಲ, ಸರ್ಜರಿಯನ್ನಂತೂ ಅಲ್ಲವೇ ಅಲ್ಲ.

ಗಜಕರ್ಣದ ಫಂಗಸ್ ಬಗ್ಗೆಯೂ ಎರಡು ಮಾತು ಹೇಳಬೇಕು. ಟ್ರೈಕೊಫೈಟಾನ್ ಇಂಡೊಟಿನಿಯೆ ಎಂಬ ಜಾತಿ ನಮ್ಮ ದೇಶದಲ್ಲಿ ವ್ಯಾಪಕವಾಗಿದೆ, ಇಲ್ಲಿಂದ ಹೊರದೇಶಗಳಿಗೂ ಹೋಗಿದೆ. ಸ್ಕ್ವಾಲೀನ್ ಎಪಾಕ್ಸಿಡೇಸ್ ಜೀನ್‌ನಲ್ಲಿ ಬದಲಾವಣೆಯಾದ ತಳಿಗಳಿಗೆ ಟರ್ಬಿನಾಫಿನ್ ನಾಟುವುದಿಲ್ಲ. ವೈದ್ಯರಿಗೆ ತೋರಿಸದೆ ಸ್ಟೆರಾಯ್ಡ್ ಬೆರೆತ ಕ್ರೀಮ್ ಹಚ್ಚಿ ಹಚ್ಚಿ ರೋಗ ಮೈತುಂಬ ಹರಡಿಕೊಂಡು ಬರುವವರಲ್ಲಿ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಸಿಎಲ್‌ಎಸ್‌ಐ ಪ್ರಕಾರ 35 ಡಿಗ್ರಿಯಲ್ಲಿ 4 ದಿನ ಇಟ್ಟು, ಬೆಳವಣಿಗೆ ಶೇ 80ರಷ್ಟು ತಗ್ಗಿದ ವೆಲ್ ಓದಬೇಕು.

ಇಷ್ಟೆಲ್ಲ ಸೌಲಭ್ಯ ಇಲ್ಲದ ಲ್ಯಾಬಿಗೆ

ಡಿಸ್ಕ್ ಪರೀಕ್ಷೆಯಿಂದ ಶುರು ಮಾಡಿ. ಮ್ಯುಲ್ಲರ್ ಹಿಂಟನ್ ಅಗಾರ್‌ಗೆ ಶೇ 2 ಗ್ಲುಕೋಸ್, ಮಿಲಿಲೀಟರಿಗೆ 0.5 ಮೈಕ್ರೋಗ್ರಾಂ ಮೆಥಿಲೀನ್ ಬ್ಲೂ ಸೇರಿಸಿ. ಗ್ಲುಕೋಸ್‌ನಿಂದ ಬೆಳವಣಿಗೆ ಚೆನ್ನಾಗಿ ಬರುತ್ತದೆ, ಮೆಥಿಲೀನ್ ಬ್ಲೂನಿಂದ ಅಂಚು ಸ್ಪಷ್ಟವಾಗುತ್ತದೆ. 0.5 ಮ್ಯಾಕ್‌ಫರ್ಲೆಂಡ್ ದ್ರಾವಣವನ್ನೇ ನೇರವಾಗಿ ಸ್ವಾಬ್‌ನಿಂದ ಮೂರು ದಿಕ್ಕಿನಲ್ಲಿ ಹಚ್ಚಿ, 25 ಮೈಕ್ರೋಗ್ರಾಂ ಫ್ಲುಕೊನಜೋಲ್ ಡಿಸ್ಕ್ ಇಡಿ. 35 ಡಿಗ್ರಿಯಲ್ಲಿ 20ರಿಂದ 24 ಗಂಟೆ. ಬೆಳವಣಿಗೆ ಥಟ್ಟನೆ ಕಡಿಮೆಯಾಗುವ ಅಂಚನ್ನು ಅಳೆಯಿರಿ, ಒಳಗಿನ ಸೂಜಿಮೊನೆಯಷ್ಟು ಕಾಲನಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಲ್ಬಿಕನ್ಸ್‌ಗೆ 17 ಮಿಲಿಮೀಟರ್ ಅಥವಾ ಹೆಚ್ಚು ಸೆನ್ಸಿಟಿವ್, 13 ಅಥವಾ ಕಡಿಮೆ ರೆಸಿಸ್ಟೆಂಟ್.

ಅಗಾರ್ ಮೇಲೆ ಇಟ್ಟು ನೇರವಾಗಿ ಎಂಐಸಿ ಓದುವ ಸ್ಟ್ರಿಪ್‌ಗಳೂ ಅನುಕೂಲ, ಆದರೆ ಬೆಲೆ ಜಾಸ್ತಿ. ವಾರಕ್ಕೊಂದೆರಡು ಸ್ಯಾಂಪಲ್ ಬರುವ ಲ್ಯಾಬಿಗೆ ಪ್ಲೇಟ್‌ಗಿಂತ ಅದೇ ಸರಿ ಎಂದು ನನಗೆ ಅನ್ನಿಸುತ್ತದೆ.

ರಿಪೋರ್ಟ್ ಮತ್ತು ತಳಿ ಕಾಪಿಡುವುದು

ರಿಪೋರ್ಟ್‌ನಲ್ಲಿ ಜಾತಿಯ ಹೆಸರು, ಎಂಐಸಿ, ವರ್ಗ, ಬಳಸಿದ ವಿಧಾನ, ಬ್ರೇಕ್‌ಪಾಯಿಂಟ್ ಯಾವ ವರ್ಷದ್ದು, ಇಷ್ಟೂ ಇರಲಿ. ಎಂಐಸಿ ಕಡಿಮೆ ಇರುವ ಔಷಧವೇ ಉತ್ತಮ ಎಂದು ವಾರ್ಡಿನಲ್ಲಿ ತಿಳಿದುಕೊಳ್ಳುವುದುಂಟು. ಬೇರೆಬೇರೆ ಔಷಧಗಳ ಸಂಖ್ಯೆಗಳನ್ನು ಹಾಗೆ ಹೋಲಿಸುವಂತಿಲ್ಲ ಎಂದು ಕೆಳಗೆ ಒಂದು ಸಾಲು ಬರೆಯಿರಿ. ಮೂತ್ರದ ಸೋಂಕಿಗೆ ಎಕೈನೋಕ್ಯಾಂಡಿನ್ ಫಲಿತಾಂಶ ಕೊಡಬೇಡಿ, ಆ ಔಷಧ ಮೂತ್ರದಲ್ಲಿ ಸಾಕಷ್ಟು ಸೇರುವುದಿಲ್ಲ.

ರಕ್ತದಿಂದ ಬಂದ ಎಲ್ಲ ತಳಿಗಳನ್ನೂ ಗ್ಲಿಸರಾಲ್‌ನಲ್ಲಿ ಮೈನಸ್ 70 ಡಿಗ್ರಿಯಲ್ಲಿ ಇಡಿ. ಚಿಕಿತ್ಸೆ ನಡುವೆ ಅದೇ ರೋಗಿಯ ಕಲ್ಚರ್ ಮತ್ತೆ ಪಾಸಿಟಿವ್ ಬಂದರೆ ಹಳೆಯದು, ಹೊಸದು ಎರಡನ್ನೂ ಒಂದೇ ಪ್ಲೇಟ್‌ನಲ್ಲಿ ಪರೀಕ್ಷಿಸಿ ನೋಡಬಹುದು. ನಿರೋಧಕತೆ ಈಚೆಗೆ ಹುಟ್ಟಿಕೊಂಡದ್ದೇ, ಮೊದಲೇ ಇತ್ತೇ ಎಂದು ಆಗ ಗೊತ್ತಾಗುತ್ತದೆ. ನಿಮ್ಮಲ್ಲಿ ಬಗೆಹರಿಯದ ತಳಿಗಳನ್ನು ಚಂಡೀಗಢದ ಪಿಜಿಐನಲ್ಲಿರುವ ರೋಗಕಾರಕ ಫಂಗಸ್‌ಗಳ ರಾಷ್ಟ್ರೀಯ ಸಂಗ್ರಹಕ್ಕೆ ಕಳಿಸಬಹುದು. ಕಳಿಸುವಾಗ ಅಗಾರ್ ಸ್ಲ್ಯಾಂಟ್ ಮೇಲೆ ಬೆಳೆಸಿ, ಮೂರು ಪದರದ ಪ್ಯಾಕಿಂಗ್ ಮಾಡಿ, ನಿಮಗೆ ಬಂದ ಎಂಐಸಿಯನ್ನೂ ಪತ್ರದಲ್ಲಿ ಬರೆಯಿರಿ. ಪೆಟ್ರಿ ಪ್ಲೇಟನ್ನು ಕೊರಿಯರ್‌ನಲ್ಲಿ ಕಳಿಸಬೇಡಿ.